ಮಳೆಗಾಲ ದಾಟಿದ ಗೈಡ್‌ಗಳು: ಕೊಡಗಿನಲ್ಲಿ ಕೈಪಿಡಿ ಕೊಳ್ಳುವವರಿಗೆ ಒಂದು ಬಳಕೆದಾರ ವಿಮರ್ಶೆ

ಹಕ್ಕಿಯೋ ಹಾವೋ, ಕಾಫಿಯೋ ಕೆಪಿಎಸ್‌ಸಿಯೋ, ವಿಷಯ ಯಾವುದೇ ಇರಲಿ, ಕೊಡಗಿನಲ್ಲಿ ಗೈಡ್ ಪುಸ್ತಕಕ್ಕೆ ಮೊದಲ ಪರೀಕ್ಷೆ ಇಡುವುದು ಜೂನ್ ತಿಂಗಳು. ಅಂಗಡಿಯಲ್ಲಿ ಮಿರಮಿರ ಮಿಂಚುತ್ತಿದ್ದ ಪುಸ್ತಕ ಕಕ್ಕಡ (ಕೊಡವರ ಜಡಿಮಳೆಯ ತಿಂಗಳು, ಜುಲೈ–ಆಗಸ್ಟ್) ಮುಗಿಯುವ ಹೊತ್ತಿಗೆ ಯಾವ ಅವಸ್ಥೆಯಲ್ಲಿದೆ ಎಂಬುದನ್ನು ನೋಡಿಯೇ ನಾನು ಸ್ಟಾರ್ ಕೊಡುವುದು. ಲೇಖಕರು ಯಾರು, ಚಿತ್ರ ಎಷ್ಟು, ಪುಟ ಎಷ್ಟು ಎಂಬುದೆಲ್ಲ ಹಿಂದಿನ ರಟ್ಟಿನ ಮೇಲೇ ಇರುತ್ತದೆ. ಅದನ್ನು ಬಿಟ್ಟು, ಹಲವು ಮಳೆಗಾಲ ಬಳಸಿದ ಮೇಲೆ ಉಳಿದ ದೂರು ಮತ್ತು ಮೆಚ್ಚುಗೆಯನ್ನಷ್ಟೇ ಬರೆಯುತ್ತೇನೆ.

ಮೊದಲು ದೂರು. ದುಬಾರಿ ಬೆಲೆಯ ಬಣ್ಣದ ಕೈಪಿಡಿಗಳಲ್ಲಿ ಬಹುಪಾಲು ಆರ್ಟ್ ಪೇಪರಿನಲ್ಲಿ ಅಚ್ಚಾಗಿ, ಬೆನ್ನಿಗೆ ಬಿಸಿ ಗೋಂದು ಹಚ್ಚಿಸಿಕೊಂಡು ಬರುತ್ತವೆ. ಇವೆರಡೂ ಒಟ್ಟಿಗೆ ಬಂದರೆ ಇಲ್ಲಿ ಬಾಳಿಕೆ ಇಲ್ಲ. ಆರ್ಟ್ ಪೇಪರಿನ ಮೇಲ್ಮೈಗೆ ನುಣುಪಾದ ಲೇಪ ಇರುವುದರಿಂದ ಗೋಂದು ಹಾಳೆಯೊಳಕ್ಕೆ ಇಳಿಯುವುದಿಲ್ಲ, ಅಂಚನ್ನು ಮೇಲೆ ಮೇಲೆ ಹಿಡಿದುಕೊಂಡಿರುತ್ತದೆ. ತೇವಕ್ಕೆ ಹಾಳೆ ಉಬ್ಬುತ್ತದೆ, ಬಿಸಿಲು ಬಂದಾಗ ಕುಗ್ಗುತ್ತದೆ. ಈ ಎಳೆದಾಟದಲ್ಲಿ ಗೋಂದು ಬಿರುಕು ಬಿಟ್ಟು, ನೀವು ಅತಿ ಹೆಚ್ಚು ತೆರೆಯುವ ಪುಟವೇ ಮೊದಲು ಕಿತ್ತು ಕೈಗೆ ಬರುತ್ತದೆ. ಹಕ್ಕಿ ಪುಸ್ತಕದಲ್ಲಾದರೆ ಅದು ಉಲಿಯಕ್ಕಿಗಳ (ವಾರ್ಬ್ಲರ್) ಪುಟ, ಯಾಕೆಂದರೆ ಎಲ್ಲರಿಗೂ ಗೊಂದಲ ಇರುವುದೇ ಅಲ್ಲಿ.

ಕೊಳ್ಳುವ ಮುಂಚೆ ಪುಸ್ತಕದ ಬೆನ್ನನ್ನು ಮೇಲ್ತುದಿಯಿಂದ ನೋಡಿ. ಹಾಳೆಗಳು ಸಣ್ಣ ಸಣ್ಣ ಕಂತೆಗಳಾಗಿ ಮಡಚಿಕೊಂಡಿದ್ದು, ಪ್ರತಿ ಕಂತೆಯ ನಡುವೆ ದಾರ ಕಂಡರೆ ಅದು ಹೊಲಿಗೆ ಬೈಂಡಿಂಗ್. ಗೋಂದು ಒಣಗಿದರೂ ದಾರ ಹಿಡಿದಿರುತ್ತದೆ, ಪುಸ್ತಕ ಅಂಗಾತ ತೆರೆದುಕೊಳ್ಳುತ್ತದೆ. ಹಾಳೆಗಳೆಲ್ಲ ಒಂದೇ ಸಪಾಟಾಗಿ ಕತ್ತರಿಸಿದಂತಿದ್ದರೆ ಬರೀ ಗೋಂದು ಎಂದೇ ಲೆಕ್ಕ. ನಡುವೆ ಪಿನ್ ಹೊಡೆದ ತೆಳು ಪುಸ್ತಿಕೆಗಳಲ್ಲಿ ಪಿನ್ನಿಗೆ ತುಕ್ಕು ಹಿಡಿದು ಕಂದು ಕಲೆ ಹಬ್ಬುತ್ತದೆ. ಹೊಸದರಲ್ಲೇ ಪಿನ್ ತೆಗೆದು ದಪ್ಪ ದಾರದಲ್ಲಿ ಮೂರು ತೂತಿನ ಹೊಲಿಗೆ ಹಾಕಿಕೊಂಡರೆ ಆ ತಲೆನೋವಿಲ್ಲ. ಪಕ್ಕಕ್ಕೆ ಪಿನ್ ಹೊಡೆದ ಪರೀಕ್ಷಾ ಗೈಡ್‌ಗಳದ್ದು ಬೇರೆ ಕಷ್ಟ: ಪೂರ್ತಿ ತೆರೆಯುವುದೇ ಇಲ್ಲ, ಒಳ ಅಂಚಿನ ಎರಡು ಅಕ್ಷರ ಯಾವಾಗಲೂ ನುಂಗಿಹೋಗಿರುತ್ತವೆ. ಅಂಥದ್ದನ್ನು ಜೆರಾಕ್ಸ್ ಅಂಗಡಿಗೆ ಕೊಟ್ಟು ಬೆನ್ನು ಕತ್ತರಿಸಿ ಸ್ಪೈರಲ್ ಮಾಡಿಸುವುದೇ ಒಳ್ಳೆಯದು. ತಂತಿ ಬೇಡ, ಪ್ಲಾಸ್ಟಿಕ್ ಸುರುಳಿ ಕೇಳಿ.

ಆರ್ಟ್ ಪೇಪರಿನ ಪುಸ್ತಕ ಅಕಸ್ಮಾತ್ ನೆನೆದರೆ ಒಲೆಯ ಹತ್ತಿರ ಮುಚ್ಚಿಟ್ಟು ಒಣಗಿಸಬಾರದು. ಲೇಪವೇ ಅಂಟಾಗಿ ಹಾಳೆಗಳು ಹಲಗೆಯಂತೆ ಒಂದಾಗಿಬಿಡುತ್ತವೆ, ಆಮೇಲೆ ಬಿಡಿಸಿದರೆ ಚಿತ್ರ ಎದುರು ಪುಟಕ್ಕೆ ಹೋಗಿರುತ್ತದೆ. ಒದ್ದೆ ಇರುವಾಗಲೇ ಹಾಳೆ ಹಾಳೆ ಬಿಡಿಸಿ, ನಡುವೆ ಬಿಳಿ ಟಿಶ್ಯೂ ಹಾಕಿ, ಫ್ಯಾನಿನ ಗಾಳಿಗೆ ಇಟ್ಟು, ಟಿಶ್ಯೂ ಬದಲಾಯಿಸುತ್ತಾ ಇರಬೇಕು. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕಿ. ಹೆಪ್ಪುಗಟ್ಟಿದ ಹಾಳೆ ಅಂಟುವುದೂ ಇಲ್ಲ, ಬೂಷ್ಟು ಹಿಡಿಯುವುದೂ ಇಲ್ಲ. ಕರೆಂಟ್ ಮತ್ತು ಬಿಡುವು ಎರಡೂ ಇದ್ದ ದಿನ ತೆಗೆದು ಬಿಡಿಸಿಕೊಳ್ಳಬಹುದು. ಲೇಪವಿಲ್ಲದ ಸಾದಾ ಕಾಗದಕ್ಕೆ ಈ ರಗಳೆ ಇಲ್ಲ. ನೆನೆದರೆ ಸುಕ್ಕಾಗುತ್ತದೆ ಅಷ್ಟೆ, ಓದಲು ಅಡ್ಡಿಯಿಲ್ಲ.

ಕಾಗದದ ಕಥೆ ಇಷ್ಟಾದರೆ, ಒಳಗಿನ ವಿಷಯಕ್ಕೂ ಮಳೆಯೇ ಪರೀಕ್ಷೆ. ಚಿಟ್ಟೆ ಕೈಪಿಡಿ ನೋಡಿ. ಕಾಫಿ ಗಿಡದ ಬುಡದಲ್ಲಿ ಹಾರಾಡುವ ಕಂದು ಚಿಟ್ಟೆಗಳಲ್ಲಿ ಹಲವಕ್ಕೆ ಮಳೆಗಾಲದ ರೂಪ ಬೇರೆ, ಬೇಸಿಗೆಯ ರೂಪ ಬೇರೆ. ಮಳೆಯಲ್ಲಿ ರೆಕ್ಕೆಯ ಅಡಿಭಾಗದಲ್ಲಿ ಕಣ್ಣಿನಂಥ ಚುಕ್ಕೆಗಳು ಎದ್ದು ಕಾಣುತ್ತವೆ. ಬೇಸಿಗೆಯಲ್ಲಿ ಅದೇ ಚಿಟ್ಟೆ ಚುಕ್ಕೆ ಅಡಗಿಸಿಕೊಂಡು ತರಗೆಲೆಯಾಗಿ ಕೂತಿರುತ್ತದೆ. ಒಂದೇ ಚಿತ್ರ ಹಾಕಿದ ಪುಸ್ತಕ ಹಿಡಿದರೆ ಒಂದು ಚಿಟ್ಟೆಯನ್ನು ಎರಡೆಂದು ಎಣಿಸುತ್ತೀರಿ. ಕಾಮನ್ ಈವ್ನಿಂಗ್ ಬ್ರೌನ್ ಪುಟ ತೆರೆದು ಎರಡು ರೂಪವೂ ಇದೆಯೇ ನೋಡಿ. ಇಲ್ಲದಿದ್ದರೆ ಆ ಪುಸ್ತಕ ಅಂಗಡಿಯಲ್ಲೇ ಇರಲಿ.

ಹಾವಿನ ಕೈಪಿಡಿಗೆ ಇನ್ನೂ ಬಿಗಿ ತಪಾಸಣೆ ಬೇಕು. ಮಲಬಾರ್ ಗುಳಿಮಂಡಲ ಹಸಿರು, ಕಂದು, ಹಳದಿ, ಕಿತ್ತಳೆ ಹೀಗೆ ಹಲವು ಬಣ್ಣಗಳಲ್ಲಿ ಸಿಗುತ್ತದೆ. ಹಸಿರಿನ ಒಂದೇ ಫೋಟೋ ಇರುವ ಪುಸ್ತಕ ತೋಟದ ಕೆಲಸಕ್ಕೆ ಆಗುವುದಿಲ್ಲ. ಎರಡನೆಯದು ಕಟ್ಟುಹಾವು ಮತ್ತು ತೋಳಹಾವಿನ ಹೋಲಿಕೆ. ತೋಳಹಾವಿನ ಪಟ್ಟೆಗಳು ಕತ್ತಿನ ಕಡೆ ಸ್ಪಷ್ಟವಾಗಿದ್ದು ಬಾಲದ ಕಡೆ ಮಸುಕಾಗುತ್ತವೆ, ಕಟ್ಟುಹಾವಿನಲ್ಲಿ ಇದು ತಿರುಗುಮುರುಗು. ಕಟ್ಟುಹಾವಿನ ಬೆನ್ನ ನಡುವೆ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲೂ ಇರುತ್ತದೆ. ಇವೆರಡನ್ನೂ ಎದುರುಬದುರು ಪುಟದಲ್ಲಿ ಇಟ್ಟಿದ್ದರೆ ಬರೆದವರಿಗೆ ವಿಷಯ ಗೊತ್ತಿದೆ ಎಂದರ್ಥ. ಮೂರನೆಯದು ಔಷಧದ ಪುಟ. ನಮ್ಮಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ತೋಟದಲ್ಲಿ ಸಿಗುವ ಹಂಪ್‌ನೋಸ್ಡ್ ಪಿಟ್ ವೈಪರ್ ಕಡಿತಕ್ಕೆ ಅದು ಸರಿಯಾಗಿ ನಾಟುವುದಿಲ್ಲ. ಇದನ್ನು ಹೇಳದೆ, ಗಾಯ ಕೊಯ್ದು ರಕ್ತ ಹೀರಿ, ಬಿಗಿಯಾಗಿ ಕಟ್ಟಿ ಎಂದೆಲ್ಲ ಬರೆದ ಹಳೆಯ ಪುಸ್ತಕ ಮನೆಯಲ್ಲಿ ಇಲ್ಲದಿರುವುದೇ ಮೇಲು.

ಹಕ್ಕಿ ಪುಸ್ತಕದ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಸ್ವಲ್ಪ ಇಳಿಯುತ್ತದೆ. ಇಡೀ ಉಪಖಂಡದ ಪುಸ್ತಕದಲ್ಲಿ 1300ಕ್ಕೂ ಹೆಚ್ಚು ಜಾತಿ ಇರುತ್ತವೆ, ಹಿಮಾಲಯದ ಹತ್ತಾರು ಪುಟ ದಾಟಿಯೇ ನಮ್ಮ ನವರಂಗ ಸಿಗುವುದು. ದಕ್ಷಿಣ ಭಾರತಕ್ಕೆ ಸೀಮಿತವಾದ ತೆಳು ಪುಸ್ತಕ ಸಾಕು. ಫೋಟೋ ಪುಸ್ತಕಕ್ಕಿಂತ ಬರೆದ ಚಿತ್ರದ ಪುಸ್ತಕ ಲೇಸು: ಎಲ್ಲ ಹಕ್ಕಿಯೂ ಒಂದೇ ಭಂಗಿಯಲ್ಲಿ, ಒಂದೇ ಬೆಳಕಿನಲ್ಲಿ ಇರುವುದರಿಂದ ಹುಬ್ಬಿನ ಗೆರೆ, ರೆಕ್ಕೆಪಟ್ಟೆಯ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಚಿತ್ರದ ಎದುರಿಗೇ ವಿವರಣೆ ಇರಬೇಕು. ಚಿತ್ರ ನಡುವೆ, ಬರಹ ಕೊನೆಯಲ್ಲಿ ಎಂದು ಮಾಡಿಟ್ಟವರು ದುರ್ಬೀನು ಒಂದು ಕೈಯಲ್ಲಿ, ಕೊಡೆ ಇನ್ನೊಂದು ಕೈಯಲ್ಲಿ ಹಿಡಿದು ಪುಟ ತಿರುಗಿಸಿದವರಲ್ಲ. ಅಕಾರಾದಿಯಲ್ಲಿ ಕನ್ನಡ, ಇಂಗ್ಲಿಷ್, ಲ್ಯಾಟಿನ್ ಮೂರೂ ಹೆಸರಿರಬೇಕು. ಒಂದೇ ಹಕ್ಕಿಗೆ ಮಡಿಕೇರಿ ಕಡೆ ಒಂದು ಹೆಸರು, ಕುಶಾಲನಗರದ ಕಡೆ ಇನ್ನೊಂದು.

ಹಳೆಯದಾದಷ್ಟೂ ಹಕ್ಕಿ ಪುಸ್ತಕಕ್ಕೆ ಬೆಲೆ ಬರುವುದು ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿಯಿಂದ. ಕಾಡು ಸಿಪಿಲೆ ತೋಟಕ್ಕೆ ಇಳಿದ ತಾರೀಕು, ಯಾವ ಮರದ ಕೆಳಗೆ, ಬಾಲವನ್ನು ಮೇಲೆ ಕೆಳಗೆ ಅಲ್ಲದೆ ಅಕ್ಕಪಕ್ಕಕ್ಕೆ ತೂಗುತ್ತಿತ್ತೇ. ಚಿತ್ರದ ಪಕ್ಕದಲ್ಲೇ ಬರೆದಿಟ್ಟರೆ ಮುಂದಿನ ಚಳಿಗಾಲಕ್ಕೆ ಎಲ್ಲಿ, ಯಾವಾಗ ನೋಡಬೇಕೆಂದು ಪುಸ್ತಕವೇ ಹೇಳುತ್ತದೆ. ಇದಕ್ಕೆ ಪೆನ್ಸಿಲ್ಲೇ ಬೇಕು. ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡಿ ಹಿಂದಿನ ಪುಟಕ್ಕೂ ಇಳಿಯುತ್ತದೆ. ಆರ್ಟ್ ಪೇಪರಿನ ಮೇಲೆ ಪೆನ್ಸಿಲ್ ಕೂರುವುದಿಲ್ಲ, ಅದರ ಮೇಲಿನ ನನ್ನ ದ್ವೇಷಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಕೊಂಡು ನೋಡಿದ ಮೇಲೆ ಐದಕ್ಕೆ ಐದು ಸ್ಟಾರ್ ಗಿಟ್ಟಿಸಿದ್ದು ಬಣ್ಣವೇ ಇಲ್ಲದ, ಸಾದಾ ಕಾಗದದ ಕಾಫಿ ಕೈಪಿಡಿ. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯ ಶಿಫಾರಸುಗಳನ್ನು ತಿಂಗಳವಾರು ಕೊಡುವ ಬಗೆಯದು. ನಮ್ಮ ಚೆಟ್ಟಳ್ಳಿಯ ಉಪಕೇಂದ್ರದಲ್ಲಿ ವಿಚಾರಿಸಿದರೆ ಯಾವ ಪ್ರಕಟಣೆ ಹೊಸದು ಎಂದು ತಿಳಿಯುತ್ತದೆ. ಇಂಥ ಪುಸ್ತಕವನ್ನು ಅಳೆಯಲು, ಗಿಡದ ರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣದ ಪುಟ ಒಂದೇ ಸಾಕು. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಎಂದು ಎಲ್ಲರೂ ಬರೆಯುತ್ತಾರೆ. ಒಳ್ಳೆಯ ಪುಸ್ತಕ ಅಲ್ಲಿಗೆ ನಿಲ್ಲುವುದಿಲ್ಲ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು; ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಬ್ಯಾರಲ್ ಇರಲಿ; ಹೊಳೆಯುವ ಚಾಕುವನ್ನು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು; ಮಾಡಿದ್ದನ್ನು ಅದೇ ದಿನ ಮುಗಿಸಬೇಕು. ಇಷ್ಟೂ ಇದ್ದರೆ ಬರೆದವರು ತೋಟ ಕಂಡವರು. ಎಲೆ ತುಕ್ಕಿಗೆ ಶೇ 0.5, ಕೊಳೆರೋಗಕ್ಕೆ ಶೇ 1 ಎಂಬ ವ್ಯತ್ಯಾಸವನ್ನೂ ಅಲ್ಲೇ ಹುಡುಕಿ.

ಬಿಳಿ ಕಾಂಡಕೊರಕದ ಪುಟದಲ್ಲಿ ತಿಂಗಳು ನೋಡಿ. ದುಂಬಿ ಹೊರಬಂದು ಹಾರುವುದು ಏಪ್ರಿಲ್–ಮೇಯಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ. ಹಾಗಾಗಿ ಹುಳ ಹಿಡಿದ ಅರೇಬಿಕಾ ಗಿಡ ಹುಡುಕಿ ಕೀಳುವ ಕೆಲಸ ಅದಕ್ಕೆ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಮುಗಿಯಬೇಕು. "ಹುಳ ಬಿದ್ದ ಗಿಡ ಕಿತ್ತು ಸುಡಿ" ಎಂದಷ್ಟೇ ಬರೆದ ಗೈಡ್ ನವೆಂಬರಿನಲ್ಲಿ ಕೀಳಿಸುತ್ತದೆ, ಅಷ್ಟರಲ್ಲಿ ದುಂಬಿ ಪಕ್ಕದ ಗಿಡದಲ್ಲಿ ಮೊಟ್ಟೆ ಇಟ್ಟಾಗಿರುತ್ತದೆ.

ಕೆಲವು ಪ್ಲಾಂಟರ್ ಡೈರಿಗಳಲ್ಲಿ ಈ ಕೈಪಿಡಿಯ ಸಾರದ ಜೊತೆ ಮಳೆ ಬರೆಯುವ ಚೌಕುಳಿಯೂ ಇರುತ್ತದೆ. ನಿರೀಕ್ಷೆ ಇಲ್ಲದೆ ಸಿಕ್ಕ ಸಂತೋಷ ಇದೇ. ಬೆಳಗ್ಗೆ ಎಂಟೂವರೆಗೆ ಅಂಗಳದ ಮಳೆ ಮಾಪಕ ನೋಡಿ ಇಂಚು, ಸೆಂಟಿನಲ್ಲಿ ಬರೆಯುವುದು. ನೂರು ಸೆಂಟಿಗೆ ಒಂದಿಂಚು, ಅಂದರೆ 25.4 ಮಿ.ಮೀ. ಹೂಮಳೆ ಬಿದ್ದ ದಿನಕ್ಕೊಂದು ಸುತ್ತು, ಅದರ ಬೆನ್ನಿಗೆ ಬರುವ ಹಿಂಬಾಲದ ಮಳೆಗೊಂದು ಸುತ್ತು, ಕೆಳಗೆ ಮರ ಕಪಾತು (ಕೊಂಬೆ ಸವರುವುದು) ಮುಗಿದ ದಿನ, ಕರಿಮೆಣಸಿಗೆ ಮದ್ದು ಹೊಡೆದ ದಿನ. ಒಂದೇ ತೊಡಕು: ಕೆಲವು ಡೈರಿಗಳ ಚೌಕ ಎಷ್ಟು ಕಿರಿದೆಂದರೆ ಜುಲೈನಲ್ಲಿ ಅಂಕಿಗಳು ಪಕ್ಕದ ಮನೆಗೆ ನುಗ್ಗುತ್ತವೆ. ಮಾಡಿದವರು ಬಯಲುಸೀಮೆಯವರಿರಬೇಕು.

ಆದರೆ ಕಾಫಿ ಪುಸ್ತಕವನ್ನು ಹಳೆಯದು ಕೊಳ್ಳಬೇಡಿ. ಅವುಗಳಲ್ಲಿ ಕಾಂಡಕೊರಕಕ್ಕೆ ಲಿಂಡೇನ್, ಕಾಯಿಕೊರಕಕ್ಕೆ ಎಂಡೋಸಲ್ಫಾನ್ ಇರುತ್ತವೆ. ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು, ಲಿಂಡೇನ್ ಬಳಕೆ 2013ರಲ್ಲಿ ನಿಂತಿತು. ಕಪಾತಿನ ಅಧ್ಯಾಯ ಹಳೆಯದಾದರೂ ನಡೆಯುತ್ತದೆ, ಮದ್ದಿನ ಅಧ್ಯಾಯ ನಡೆಯುವುದಿಲ್ಲ.

ಚಾರಣದ ಗೈಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಡಿಯಂಡಮೋಳ್ 1748 ಮೀಟರ್, ಪುಷ್ಪಗಿರಿ 1712 ಮೀಟರ್, ಅವು ಬದಲಾಗುವುದಿಲ್ಲ. ಅನುಮತಿ, ಶುಲ್ಕ, ಹಾದಿ ಬದಲಾಗುತ್ತವೆ. 2018ರ ಆಗಸ್ಟಿನ ಭೂಕುಸಿತಕ್ಕಿಂತ ಮುಂಚಿನ ಪುಸ್ತಕದ ರಸ್ತೆ ವಿವರ ನಂಬಿ ಹೊರಡಬೇಡಿ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯನ್ನು ಅಚ್ಚು ಹಾಕಿಸಿ ಲ್ಯಾಮಿನೇಟ್ ಮಾಡಿಸಿದರೆ ಇಂಬಳದ ಕಾಡಿನಲ್ಲೂ ಬಾಳುತ್ತದೆ.

ಇನ್ನು ಪರೀಕ್ಷಾ ಗೈಡ್‌ಗಳು. ಇಲ್ಲಿ ಸಾಮಾನ್ಯ ಜ್ಞಾನದ ಪುಸ್ತಕಕ್ಕೆ ನನ್ನ ಅಳತೆಗೋಲು ಕೊಡಗಿನ ಪುಟ. ತಾಲ್ಲೂಕು ಐದು ಎಂದಿದೆಯೋ, ಇನ್ನೂ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರಕ್ಕೇ ನಿಂತಿದೆಯೋ? ಪೊನ್ನಂಪೇಟೆ, ಕುಶಾಲನಗರ ಕಾಣದಿದ್ದರೆ ಹೊಸ ರಟ್ಟು ಹಾಕಿದ ಹಳೆ ಪುಸ್ತಕ. ರಾಜ್ಯದ ಜಿಲ್ಲೆ 30 ಎಂದಿದ್ದರೂ ಅದೇ ರೋಗ, ವಿಜಯನಗರ ಸೇರಿ 31 ಆಗಿದ್ದು 2021ರಲ್ಲಿ. ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿ ಸಿ.ಎಂ. ಪೂಣಚ್ಚ, ವಿಲೀನ 1956ರ ನವೆಂಬರ್ 1, ಇಷ್ಟು ಸರಿಯಿದ್ದರೆ ಮಿಕ್ಕ ಜಿಲ್ಲೆಗಳ ಪುಟಗಳ ಮೇಲೂ ಸ್ವಲ್ಪ ನಂಬಿಕೆ ಇಡಬಹುದು. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುವ ಪರೀಕ್ಷೆಗೆ ತಪ್ಪು ಗೈಡ್ ಓದುವುದು, ಓದದೆ ಹೋಗುವುದಕ್ಕಿಂತ ನಷ್ಟ.

ಎಸ್ಸೆಸ್ಸೆಲ್ಸಿಗೆ ಮೊದಲು ಪಠ್ಯಪುಸ್ತಕ, ಆಮೇಲೆ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆ, ಮೂರನೆಯದಾಗಿ ಗೈಡ್. ಮೊದಲೆರಡೂ ಪಿಡಿಎಫ್‌ನಲ್ಲಿ ಉಚಿತ. ಕನ್ನಡ ಮತ್ತು ಸಮಾಜ ವಿಜ್ಞಾನದ ಪಠ್ಯಗಳು 2022ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಬದಲಾದವು. ಅಣ್ಣನ ಗೈಡ್ ತಂಗಿಗೆ ಗಣಿತದಲ್ಲಿ ನಡೆದೀತು, ಈ ಎರಡರಲ್ಲಿ ಪಾಠಪಟ್ಟಿ ಹೋಲಿಸದೆ ಕೊಡಬೇಡಿ. ರಟ್ಟಿನ ಮೇಲೆ "ಪೂರಕ ಪರೀಕ್ಷೆ" ಎಂದಿದ್ದರೆ ಅದು 2023–24ರಲ್ಲಿ ಪರೀಕ್ಷೆ 1, 2, 3 ಬರುವ ಮುಂಚಿನದು. ಪಿಯು ಮಕ್ಕಳಿಗೆ ಸಿಇಟಿ ಮತ್ತು ನೀಟ್ ಎರಡಕ್ಕೂ ಒಂದೇ ದಪ್ಪ ಪುಸ್ತಕ ಮಾರುತ್ತಾರೆ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಅಂಕ ಕಡಿತವಿಲ್ಲ. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, ತಪ್ಪಿಗೆ ಒಂದಂಕ ಕಡಿತ. ಒಂದರಲ್ಲಿ ಯಾವುದನ್ನೂ ಖಾಲಿ ಬಿಡಬಾರದು, ಇನ್ನೊಂದರಲ್ಲಿ ಬಿಡುವುದನ್ನೂ ಕಲಿಯಬೇಕು. ಅಭ್ಯಾಸ ಪತ್ರಿಕೆ ಬೇರೆ ಬೇರೆ ಇಲ್ಲದ ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಉತ್ತರಪಟ್ಟಿಯಲ್ಲಿ ಬರೀ ಎ, ಬಿ, ಸಿ, ಡಿ ಇದ್ದರೂ ಬೇಡ. ಉತ್ತರ ಯಾಕೆ ಬಿ ಎಂದು ಎರಡು ಸಾಲಾದರೂ ಇರಬೇಕು.

ಕೊಡವ ತಕ್ಕ್ ಕಲಿಯಲು ಬಂದವರು ಕನ್ನಡ ಲಿಪಿಯ ಪುಸ್ತಿಕೆ ಒಂದನ್ನೇ ನಂಬಿದರೆ ಉಚ್ಚಾರ ಕೈಕೊಡುತ್ತದೆ. ಕನ್ನಡದಲ್ಲಿ ಗುರುತೇ ಇಲ್ಲದ ಸ್ವರಗಳು ಅಲ್ಲಿವೆ. ಧ್ವನಿಮುದ್ರಣ ಜೊತೆಗಿರುವುದನ್ನು ಆರಿಸಿ, ಇಲ್ಲವೇ ನೆರೆಮನೆಯ ಅಜ್ಜಿಯಿಂದ ಓದಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಕೊನೆಗೆ ಅಣಬೆ ಗೈಡ್. ಗುರುತಿಸುವ ಆಸಕ್ತಿಗೆ ಕೊಳ್ಳಿ, ಮೂರು ಸ್ಟಾರ್. ಅಡುಗೆಗೆಂದಾದರೆ ಒಂದೂ ಇಲ್ಲ. ಮಳೆಯ ಮೊದಲ ಗುಡುಗಿಗೆ ಏಳುವ ಕುಮ್ಮನ್ನು (ಕೊಡವ ತಕ್ಕ್‌ನಲ್ಲಿ ಅಣಬೆ) ವರ್ಷವರ್ಷವೂ ಅದೇ ಹುತ್ತದ ಬಳಿ ಕಿತ್ತು ತಂದವರ ಕಣ್ಣಿಗೆ ಫೋಟೋ ಸಮವಲ್ಲ. ಕೆಲವು ವಿಷದ ಅಣಬೆಗಳ ವಿಷ ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ಶುರುವಾಗುವುದು ತಿಂದ ಆರೇಳು ಗಂಟೆಯ ಮೇಲೆ. ಅಷ್ಟು ಹೊತ್ತಿಗೆ ಪುಸ್ತಕದಲ್ಲಿ ಪುಟ ಹುಡುಕುತ್ತಾ ಕೂರದೆ, ಉಳಿದ ಅಣಬೆಯ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋಗಿ.