ಪಿಕಪ್ ಕಿಟಕಿಗೆ ವೈಸರ್: ಚಾನೆಲ್‌ನದೋ, ಟೇಪಿನದೋ?

ಏಪ್ರಿಲ್ ಬಿಸಿಲಲ್ಲಿ ದಾವಣಗೆರೆ ಎಪಿಎಂಸಿ ಬಳಿ ಲೋಡಿಗೆ ಕಾಯುತ್ತ ಕ್ಯಾಬಿನ್ನಿನಲ್ಲಿ ಕೂರಬೇಕಾದರೆ ಗ್ಲಾಸ್ ಎರಡು ಬೆರಳಾದರೂ ಇಳಿದಿರಬೇಕು. ಹಠಾತ್ತನೆ ಮಳೆ ಹೊಡೆದರೂ ಆ ಸಂದು ಹಾಗೇ ಇರಲಿ ಅಂತಲೇ ವೈಸರ್, ಅಂದರೆ ಕಿಟಕಿಯ ಮೇಲಂಚಿಗೆ ಸೂರಿನಂತೆ ಕೂರುವ ಪ್ಲಾಸ್ಟಿಕ್ ಪಟ್ಟಿ, ಹಾಕಿಸುವುದು. ಧೂಳು ನಿಲ್ಲುತ್ತದೆ ಅಂದುಕೊಂಡು ಕೊಳ್ಳಬೇಡಿ, ನಿಲ್ಲುವುದಿಲ್ಲ.

ಅಂಗಡಿಗಳಲ್ಲಿ ಎರಡು ಬಗೆ ಸಿಗುತ್ತವೆ. ಒಂದನ್ನು ಗ್ಲಾಸ್ ಓಡಾಡುವ ಚಾನೆಲ್ ರಬ್ಬರಿನೊಳಗೇ ತೂರಿಸಬೇಕು. ಇನ್ನೊಂದನ್ನು ಬಾಗಿಲಿನ ಫ್ರೇಮಿನ ಹೊರಗೆ ಡಬಲ್ ಟೇಪಿನಿಂದ ಅಂಟಿಸಬೇಕು. ಎರಡನ್ನೂ ಹಾಕಿ ಓಡಿಸಿ ನೋಡಿದ ಮೇಲೆ ನಮ್ಮ ತೀರ್ಮಾನ ಇದು: ಹ್ಯಾಂಡಲ್ ತಿರುಗಿಸುವ ಗ್ಲಾಸಿಗೆ ಚಾನೆಲ್‌ನದು, ಪವರ್ ವಿಂಡೋಗೆ ಟೇಪಿನದು. ಬ್ರ್ಯಾಂಡ್ ಆಮೇಲಿನ ಮಾತು.

ನೋಟಕ್ಕೆ ಚಾನೆಲ್‌ನದೇ ಚೆಂದ. ಟೇಪಿನ ಗೆರೆ ಕಾಣುವುದಿಲ್ಲ, ಬಾಗಿಲಿಗೇ ಹುಟ್ಟಿ ಬಂದಂತಿರುತ್ತದೆ. ಆದರೆ ಗ್ಲಾಸಿಗೂ ರಬ್ಬರಿಗೂ ಅಷ್ಟೇ ಜಾಗ ಇಟ್ಟು ಮಾಡಿದ ಚಾನೆಲ್‌ನಲ್ಲಿ ವೈಸರಿನ ಅಂಚೂ ಸೇರಿಕೊಂಡರೆ ಗ್ಲಾಸ್ ಬಿಗಿಯಾಗಲೇಬೇಕು. ಹ್ಯಾಂಡಲ್ ಇದ್ದರೆ ಬಿಗಿ ಕೈಗೇ ತಿಳಿಯುತ್ತದೆ, ನಿಲ್ಲಿಸಿ ಸರಿ ಮಾಡಿಕೊಳ್ಳಬಹುದು. ಪವರ್ ವಿಂಡೋದ ಮೋಟರಿಗೆ ಆ ವಿವೇಚನೆ ಇಲ್ಲ. ಆಟೋ-ಅಪ್ (ಸ್ವಿಚ್ ಒಮ್ಮೆ ಒತ್ತಿದರೆ ಗ್ಲಾಸ್ ತಾನೇ ಪೂರ್ತಿ ಏರುವುದು) ಇರುವ ಗಾಡಿಯಲ್ಲಿ ಗ್ಲಾಸಿನ ವೇಗ ತಗ್ಗಿದ ಕೂಡಲೇ ಯಾರದೋ ಕೈ ಸಿಕ್ಕಿಕೊಂಡಿದೆ ಅಂತ ಲೆಕ್ಕ ಹಾಕಿ ಗ್ಲಾಸನ್ನು ವಾಪಸ್ ಇಳಿಸುತ್ತದೆ. ಆಟೋ-ಅಪ್ ಇಲ್ಲದ್ದರಲ್ಲಿ ಒತ್ತಿದಷ್ಟೂ ಎಳೆಯುತ್ತಲೇ ಇರುತ್ತದೆ. ಕೊನೆಗೆ ಗ್ಲಾಸ್ ಮಷೀನಿನ ಕೇಬಲ್ಲೋ ಪ್ಲಾಸ್ಟಿಕ್ ಕ್ಲಿಪ್ಪೋ ಹೋಗುತ್ತದೆ. ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಿ ಏರಿಸುವುದೇ ದೊಡ್ಡ ತಪ್ಪು.

ಚಾನೆಲ್‌ನದು ಹಾಕುವ ಮೊದಲು ರಬ್ಬರಿನ ಸಂದಿನ ಮಣ್ಣು ತೆಗೆಯಿರಿ. ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಐಸ್‌ಕ್ರೀಮ್ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಒರೆಸಿದರೆ ಸಾಕು. ಇದನ್ನು ಬಿಟ್ಟರೆ ಬಿಗಿಯಾದ ಗ್ಲಾಸಿಗೂ ರಬ್ಬರಿಗೂ ನಡುವೆ ಮರಳಿನ ಕಣ ಸಿಕ್ಕಿ, ಮೇಲಿಂದ ಕೆಳಕ್ಕೆ ಉದ್ದ ಗೀರು ಬೀಳುತ್ತದೆ. ಆ ಗೀರು ಪಾಲಿಷ್‌ಗೆ ಸುಲಭವಾಗಿ ಹೋಗುವಂಥದ್ದಲ್ಲ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸ್, ಎಂಜಿನ್ ಆಯಿಲ್ ಬೇಡವೇ ಬೇಡ: ಎಣ್ಣೆಗೆ ಈ ರಬ್ಬರ್ ಉಬ್ಬುತ್ತದೆ, ಬಿಗಿ ಇನ್ನೂ ಹೆಚ್ಚುತ್ತದೆ, ಧೂಳೂ ಹಿಡಿಯುತ್ತದೆ. ಗ್ಲಾಸ್ ಪೂರ್ತಿ ಇಳಿಸಿ ವೈಸರಿನ ಎರಡು ತುದಿ ಕೂರಿಸಿ, ನಡುವನ್ನು ಮೆಲ್ಲಗೆ ಬಿಲ್ಲಿನಂತೆ ಬಗ್ಗಿಸಿ ಮೇಲಿನ ರಬ್ಬರಿಗೆ ತೂರಿಸಿ. ಆಮೇಲೆ ಗ್ಲಾಸನ್ನು ಒಂದೇ ಸಲ ಏರಿಸದೆ, ಸ್ವಲ್ಪ ಸ್ವಲ್ಪವೇ ಏರಿಸಿ. ಮುಂದಿನ ಮೂಲೆಯಲ್ಲಿ ತಡೆದರೆ ವೈಸರ್ ಬಿಚ್ಚಿ, ಅಲ್ಲಿನ ಅಂಚನ್ನು 400 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ತೆಳುವಾಗಿಸಿ. ಪೂರ್ತಿ ಮುಚ್ಚಿದ ಮೇಲೆ ಒಂದು ದಿನ, ಸಾಧ್ಯವಾದರೆ ಮೂರು ದಿನ, ಇಳಿಸದೆ ಬಿಡಿ. ರಬ್ಬರ್ ಅಮುಕಿಕೊಂಡು ಜಾಗ ಮಾಡಿಕೊಡುತ್ತದೆ. ಗಾಡಿ ಬಿಸಿಲಲ್ಲಿ ನಿಂತಿದ್ದರೆ ಒಳ್ಳೆಯದೇ.

ಟೇಪಿನದಕ್ಕೆ ಬಿಸಿಲು ಶತ್ರು. ಒಳ್ಳೆಯ ಅಕ್ರಿಲಿಕ್ ಫೋಮ್ ಟೇಪ್ ಚೆನ್ನಾಗಿ ಹಿಡಿಯುವುದು 21ರಿಂದ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೇಸಿಗೆ ಮಧ್ಯಾಹ್ನ ಬಾಗಿಲಿನ ತಗಡು ಅದನ್ನು ಮೀರಿ ಕಾದಿರುತ್ತದೆ, ಹಾಗಾಗಿ ಬೆಳಿಗ್ಗೆ ನೆರಳಲ್ಲೇ ಅಂಟಿಸಿ. ಫ್ರೇಮ್ ಮೇಲೆ ವ್ಯಾಕ್ಸ್ ಪಾಲಿಷ್ ಇದ್ದರೆ ಎಂಥ ಟೇಪೂ ನಿಲ್ಲದು. ಶಾಂಪೂ ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ ಒಣಗಿಸಿ. ಮೊದಲು ಟೇಪ್ ಸುಲಿಯದೆ ಇಟ್ಟು ಅಳತೆ ನೋಡಿ, ಮಾಸ್ಕಿಂಗ್ ಟೇಪಿನಲ್ಲಿ ಗುರುತು ಮಾಡಿಕೊಳ್ಳಿ. ಒಮ್ಮೆ ಅಂಟಿಸಿ ಕಿತ್ತು ಮತ್ತೆ ಅಂಟಿಸಿದ ಟೇಪ್ ಉಳಿಯುವುದಿಲ್ಲ. ಅಂಟಿಸಿದ ಮೇಲೆ ಉದ್ದಕ್ಕೂ ಹೆಬ್ಬೆರಳಿಂದ ಬಲವಾಗಿ ಒತ್ತುತ್ತ ಹೋಗಿ. ಪೂರ್ತಿ ಹಿಡಿತ ಬರಲು 72 ಗಂಟೆ ಬೇಕು. ಅಲ್ಲಿಯವರೆಗೆ ವಾಟರ್ ಸರ್ವಿಸ್ ಬೇಡ.

ಗಾಳಿಗೆ ಮಾತ್ರ ಟೇಪಿನದು ಸ್ವಲ್ಪ ಹಿಂದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗುವಾಗ ಗಾಳಿ ಮೊದಲು ಹಿಡಿಯುವುದು ಕನ್ನಡಿ ಪಕ್ಕದ ಮುಂತುದಿಯನ್ನು. ಅಲ್ಲಿ ಉಗುರಿನಷ್ಟು ಎದ್ದರೂ ಮೊದಲು ಶಿಳ್ಳೆ ಕೇಳುತ್ತದೆ, ಆಮೇಲೆ ಇಡೀ ಪಟ್ಟಿ ಕೀಳುತ್ತದೆ. ಶಿಳ್ಳೆ ಕೇಳಿದ ದಿನವೇ ನೋಡಿ. ಚಾನೆಲ್‌ನದಕ್ಕೆ ಈ ಭಯ ಕಡಿಮೆ, ಆದರೆ ಗ್ಲಾಸ್ ಪೂರ್ತಿ ಇಳಿಸಿ ವೇಗವಾಗಿ ಹೋದರೆ ಅಲುಗುತ್ತದೆ. ರಬ್ಬರ್ ಸವೆದ ಹಳೆಯ ಗಾಡಿಯಾದರೆ ಮೊದಲು ರಬ್ಬರ್ ಬದಲಾಯಿಸಿ.

ಸ್ಟೀಲ್ ಕ್ಲಿಪ್ ಇರುವುದನ್ನೂ ಸ್ಕ್ರೂ ಹೊಡೆಯುವುದನ್ನೂ ನಾವು ಒಪ್ಪುವುದಿಲ್ಲ. ತೂತಿನ ಸುತ್ತ ತುಕ್ಕು ಹತ್ತುತ್ತದೆ. ಕ್ಲಿಪ್ಪಿನ ಅಪಾಯ ಇನ್ನೂ ಹೆಚ್ಚು: ಕಿಟಕಿಯ ಟಫನ್ಡ್ ಗ್ಲಾಸ್ ನಡುವೆ ಎಷ್ಟು ಗಟ್ಟಿಯೋ ಅಂಚಿನಲ್ಲಿ ಅಷ್ಟೇ ನಾಜೂಕು. ಏರುವಾಗ ಅಂಚು ಲೋಹಕ್ಕೆ ತಾಗಿದರೆ ಬಿರುಕು ಬಿಟ್ಟು ನಿಲ್ಲುವುದಿಲ್ಲ, ಇಡೀ ಗ್ಲಾಸ್ ಕಾಳುಕಾಳಾಗಿ ಮಡಿಲಿಗೆ ಸುರಿಯುತ್ತದೆ. ಕ್ಲಿಪ್ ಇದ್ದೇ ಇದ್ದರೆ, ಗ್ಲಾಸ್ ಕೈಯಲ್ಲಿ ಮೆಲ್ಲಗೆ ಏರಿಸಿ, ಎಲ್ಲೂ ತಾಗದಂತೆ ನೋಡಿಕೊಳ್ಳಿ.

ಟೇಪಿನದನ್ನು ತೆಗೆಯಬೇಕಾದಾಗ ಚಾಕು ಹಾಕಿ ಎಬ್ಬಬೇಡಿ, ಪೇಂಟ್ ಏಳುತ್ತದೆ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಮೀನಿನ ಗಾಳದ ನೈಲಾನ್ ದಾರವನ್ನು ಹಿಂದೆ ತೂರಿಸಿ ಗರಗಸದಂತೆ ಎಳೆಯಿರಿ. ಉಳಿದ ಅಂಟನ್ನು ಬೆರಳಿಂದ ಉರುಳಿಸಿದರೆ ಉಂಡೆಯಾಗಿ ಬರುತ್ತದೆ. ಸೀಮೆಎಣ್ಣೆ ಮುಟ್ಟಿಸಿದ್ದರೆ ಹೊಸದು ಅಂಟಿಸುವ ಮೊದಲು ಆಲ್ಕೋಹಾಲ್‌ನಲ್ಲಿ ಎರಡು ಸಲ ಒರೆಸಿ.