ತಮ್ಮನ ರಿಸರ್ಚ್ ಎಂಆರ್‌ಐ ಅನುಭವ

ನನ್ನ ತಮ್ಮನಿಗೆ ಬೈಪೋಲಾರ್ (ಮನಸ್ಸು ಅತಿ ಉತ್ಸಾಹ, ಅತಿ ಬೇಸರದ ನಡುವೆ ಏರುಪೇರಾಗೋ ಕಾಯಿಲೆ) ಇದೆ, ಹೋದ ತಿಂಗಳು ಒಂದು ಆಸ್ಪತ್ರೇಲಿ ರಿಸರ್ಚ್‌ಗೆ ಅಂತ ಬ್ರೈನ್ ಎಂಆರ್‌ಐ ಮಾಡಿಸ್ಕೊಂಡ. ಟೆಕ್ನಿಷಿಯನ್ ಮೇಡಮ್ ತುಂಬಾ ಒಳ್ಳೆಯವ್ರು, ಉಡದಾರ ತಾಯತ ಬಿಚ್ಚಿಸಿ, ತಲೆ ಅಲ್ಲಾಡದ ಹಾಗೆ ಎರಡೂ ಕಡೆ ಸ್ಪಂಜ್ ಒತ್ತಿ, ಕೈಗೆ ರಬ್ಬರ್ ಬಲ್ಬ್ ಕೊಟ್ಟು "ಭಯ ಆದ್ರೆ ಅದುಮಪ್ಪ, ನಿಲ್ಲಿಸ್ತೀನಿ" ಅಂದ್ರು. ಆದ್ರೆ ಎರಡು ಗಂಟೆ ಕಾಯಿಸಿದ್ದು ತಪ್ಪು, ಅವನು ಕಾರಿಡಾರಲ್ಲಿ ಚಡಪಡಿಸ್ತಿದ್ದ.

ಆದ್ರೂ ಹೋಗಿ ಅಂತೀನಿ. ಇಂಥ ರಿಸರ್ಚ್‌ಗೆ ತುಂಬಾ ಜನರ ಸ್ಕ್ಯಾನ್ ಬೇಕು, ಒಂದೇ ಆಸ್ಪತ್ರೆಯದು ಸಾಲಲ್ಲ. ಎನಿಗ್ಮಾ ಅನ್ನೋ ಅಂತಾರಾಷ್ಟ್ರೀಯ ಗುಂಪು 28 ತಂಡಗಳ ಡೇಟಾ ಸೇರಿಸಿ 2,447 ಬೈಪೋಲಾರ್ ಇರೋರನ್ನ 4,056 ಆರೋಗ್ಯವಂತರ ಜೊತೆ ಹೋಲಿಸಿದಾಗ ಮೆದುಳಿನ ಹೊರಪದರ ಕೆಲವು ಕಡೆ ತೆಳ್ಳಗಿರೋದು, ಲಿಥಿಯಂ ಅನ್ನೋ ಔಷಧಿ ತಗೊಳ್ಳೋರಲ್ಲಿ ಹಾಗೆ ತೆಳ್ಳಗಾಗಿರೋದು ಕಡಿಮೆ ಇರೋದು ಕಾಣಿಸ್ತು, 2018ರಲ್ಲಿ ಪ್ರಕಟ ಆಗಿದೆ. ಸ್ಕ್ಯಾನ್ ನೋಡಿ ಒಬ್ಬರಿಗೆ ಬೈಪೋಲಾರ್ ಅಂತ ಹೇಳೋಕೆ ಮಾತ್ರ ಇನ್ನೂ ಆಗಲ್ಲ, ರಿಪೋರ್ಟ್ ಆಸೆಗೆ ಹೋಗ್ಬೇಡಿ.