ಮಾವಳಿ ವೇಷವೋ, ತೆರೆಮರೆಯ ಸೇವೆಯೋ?

ಫೆಬ್ರವರಿ 19ರ ಶಿವಜಯಂತಿ ಮೆರವಣಿಗೆಗೆ ಪುಣೆಯ ಯಾವುದಾದರೂ ತಂಡ ಸೇರಬೇಕು ಅಂತಿದ್ದೀರಾ?

ಮಾವಳಿಯ, ಅಂದರೆ ಶಿವಾಜಿಯ ಸೈನಿಕನ, ವೇಷ ಹಾಕಲು ತಾಲೀಮು ಜಾಸ್ತಿ ಬೇಕು. ದಾಂಡಪಟ್ಟವನ್ನು, ಅಂದರೆ ಕೈಗವಸಿಗೇ ಜೋಡಿಸಿದ ಉದ್ದ ಕತ್ತಿಯನ್ನು, ಸುಮ್ನೆ ಬೀಸಿದರೆ ಆಗುವುದಿಲ್ಲ. ಅದರ ಲೋಹದ ಕೈಗವಸು ಮುಂಗೈಯನ್ನೆಲ್ಲ ಮುಚ್ಚುತ್ತದೆ. ಮಣಿಕಟ್ಟು ತಿರುಗುವುದಿಲ್ಲ, ಇಡೀ ತೋಳೇ ತಿರುಗಬೇಕು. ಪಕ್ಕದಲ್ಲೇ ಇನ್ನೊಬ್ಬರ ಮುಖ ಇರುತ್ತದೆ, ಅಲ್ವಾ? ಸಂಜೆ ಬಿಡುವಿಲ್ಲದವರು ಇದಕ್ಕೆ ಕೈ ಹಾಕಬೇಡಿ.

ಸೇವೆಗಾದರೆ ಮೊದಲ ದಿನವೇ ಕೆಲಸ ಸಿಗುತ್ತದೆ. ಪೇಟ ಸುತ್ತಿಕೊಡುವುದು, ನೀರು ಹಂಚುವುದು, ಜನರನ್ನು ಹಗ್ಗದಾಚೆ ನಿಲ್ಲಿಸುವುದು. ಮರಾಠಿಗೆ ತಡವರಿಸುವ ನಮ್ಮವರಿಗೆ ಭಾಷೆಯೂ ಬರುತ್ತದೆ. ಶಿವಾಜಿಯ ತಂದೆ ಶಹಾಜಿಯ ಸಮಾಧಿ ನಮ್ಮ ಚನ್ನಗಿರಿ ಹತ್ತಿರದ ಹೊದಿಗೆರೆಯಲ್ಲಿದೆ ಎಂದು ಹೇಳಿ ನೋಡಿ, ಸುತ್ತ ಕೂತು ಕೇಳುತ್ತಾರೆ.

ನನ್ನ ಮಾತು ಕೇಳಿದರೆ, ಮೊದಲ ವರ್ಷ ಸೇವೆ, ಆಮೇಲೆ ದಾಂಡಪಟ್ಟ.